ದೊಡ್ಡಪ್ಪನ ಕಾಯಿಲೆಗೆ ಮೂರು ಪಾಯಿಂಟು

ವೈದ್ಯರ ಮಾತನ್ನು ತೂಗಿ ನೋಡಲು ನಮ್ಮ ಸೀಮೆಯಲ್ಲಿ ಒಂದು ಸಿದ್ಧ ವಿಧಾನವಿದೆ. ಅದನ್ನು ನಾವು ಕಲಿತದ್ದು ಆಸ್ಪತ್ರೆಯಲ್ಲಲ್ಲ, ಬೋರ್‌ವೆಲ್ ಕೊರೆಸುವ ಹೊಲದಲ್ಲಿ. ಗೌಡಗೆರೆ ಕಡೆ ಯಾರೇ ಬೋರ್ ಹಾಕಿಸಲಿ, ಮೊದಲು ನೀರು ನೋಡುವವನನ್ನು ಕರೆಸುತ್ತಾರೆ. ಆತ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಸುತ್ತುತ್ತಾನೆ. ಕಾಯಿ ಎದ್ದು ನಿಂತ ಜಾಗದಲ್ಲಿ ಕಲ್ಲಿಟ್ಟು, ಇದೇ ಪಾಯಿಂಟು ಎನ್ನುತ್ತಾನೆ. ಆತ ಕಾಫಿ ಕುಡಿದು ಬೆನ್ನು ತಿರುಗಿಸಿದ ಕೂಡಲೇ ಮನೆಯವರು ಆ ಕಲ್ಲನ್ನು ಕಿತ್ತು, ಗುರುತಿನ ಮೇಲೆ ಕಡಲೆಕಾಯಿ ಬಳ್ಳಿ ಹರಡಿ, ಇನ್ನೊಬ್ಬನಿಗೆ ಹೇಳಿಕಳಿಸುತ್ತಾರೆ. ಮೊದಲನೆಯವನು ಬಂದಿದ್ದನೆಂಬ ಸುಳಿವೂ ಎರಡನೆಯವನಿಗೆ ಸಿಗಕೂಡದು. ಇಬ್ಬರ ಕಾಯಿಯೂ ಒಂದೇ ಕಡೆ ನಿಂತರೆ ಲಾರಿ ಬರುತ್ತದೆ. ನೀರು ಬರುತ್ತದೆಯೇ ಎಂಬುದು ಪ್ರತ್ಯೇಕ ವಿಚಾರ. ವಿಧಾನದಲ್ಲಂತೂ ಯಾರೂ ದೋಷ ಹುಡುಕುವಂತಿಲ್ಲ.

ನನ್ನ ದೊಡ್ಡಪ್ಪ ಆ ಕಡೆಯ ಹಳ್ಳಿಗಳಲ್ಲಿ ನ್ಯಾಯ ಹೇಳುವ ಹಿರಿಯ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಎಲ್ಲಕ್ಕೂ ಅವರೇ ಬೇಕು. ಅಲ್ಲೊಂದು ನಿಯಮವುಂಟು: ನ್ಯಾಯಕ್ಕೆ ಕೂತವರು ಎರಡೂ ಕಡೆಯ ಮಾತು ಮುಗಿಯುವ ತನಕ ಏಳಬಾರದು. ಒಂದು ಕಡೆಯವನು ಮಾತಾಡುವಾಗ ಎದ್ದರೆ ಅವನ ಮಾತಿಗೆ ಬೆಲೆ ಇಲ್ಲವೆಂದೇ ಅರ್ಥ. ಒಂದು ಬದುವಿನ ಪಂಚಾಯ್ತಿಯಲ್ಲಿ ದೊಡ್ಡಪ್ಪ ಮತ್ತೆ ಮತ್ತೆ ಎದ್ದು ಬೇಲಿಯ ಮರೆಗೆ ಹೋದರು, ಅದೂ ಪ್ರತಿಸಲ ಒಂದೇ ಕಡೆಯವನು ಮಾತಾಡುವಾಗ. ಅವನ ಕಡೆಯವರು ‘ಯಜಮಾನ ಆಚೆ ಕಡೆಗೆ ಮಾರ್ಕೊಂಡವ್ನೆ’ ಎಂದು ಸಾರಿಬಿಟ್ಟರು. ಹೀಗೆ ದೊಡ್ಡಪ್ಪನ ಕಾಯಿಲೆಯನ್ನು ಮೊಟ್ಟಮೊದಲು ಪತ್ತೆಹಚ್ಚಿದವರು ಗ್ರಾಮಸ್ಥರೇ. ಅವರು ಅದಕ್ಕೆ ಪಕ್ಷಪಾತ ಎಂದು ಹೆಸರಿಟ್ಟಿದ್ದರು, ಅಷ್ಟೆ.

ತುಮಕೂರಿನ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಸೂಜಿಯಿಂದ ಚೂರು ತೆಗೆಸಿ ನೋಡಿ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದರು. ನಿಧಾನವಾಗಿ ಬೆಳೆಯುವ ಜಾತಿಯದು, ಗ್ರಂಥಿಯ ಒಳಗೇ ಇದೆ. ಆಪರೇಷನ್ ಮಾಡಬಹುದು, ರೇಡಿಯೇಷನ್ ಕೊಡಬಹುದು, ಇಲ್ಲವೇ ಆಗಾಗ ಪರೀಕ್ಷೆ ಮಾಡಿಸುತ್ತ ಕಾದು ನೋಡಬಹುದು, ಅವಸರವಿಲ್ಲ, ಯೋಚಿಸಿ ಬನ್ನಿ ಎಂದರು. ಒಬ್ಬ ವೈದ್ಯ ಇದಕ್ಕಿಂತ ಪ್ರಾಮಾಣಿಕವಾಗಿ ಮಾತಾಡುವುದು ಕಷ್ಟ. ಅದೇ ಅವರು ಮಾಡಿದ ಅಪರಾಧ.

‘ಮೂರು ಮಾತು ಹೇಳ್ತಾನೆ ಅಂದ್ರೆ ಅವ್ನಿಗೇ ಗೊತ್ತಿಲ್ಲ ಅಂತ ಕಣಮ್ಮ,’ ಎಂದರು ಚಿಕ್ಕಪ್ಪ. ಅವರು ದೊಡ್ಡಪ್ಪನ ತಮ್ಮ. ಮನೆಯ ಆರೋಗ್ಯ, ನೀರಾವರಿ ಮತ್ತು ಮದುವೆ ಖಾತೆಗಳು ಅವರ ವಶದಲ್ಲಿವೆ. ‘ಡಾಕ್ಟ್ರು ಅಂದ್ರೆ ಒಂದ್ ಹೇಳ್ಬೇಕು. ಇಲ್ಲಿ ಕೊರಿ ಅನ್ಬೇಕು, ಇಲ್ಲ ಬ್ಯಾಡ ಅನ್ಬೇಕು. ಇನ್ನೊಬ್ಬನ್ಗೆ ತೋರ್ಸಣ, ಈ ಕಾಗ್ದ ಮಾತ್ರ ಮುಚ್ಚಿಡಣ.’

ನಾನು ಮಧುಗಿರಿಯಲ್ಲಿ ಪಾಠ ಹೇಳಿಕೊಂಡು, ಬಿಡುವಿದ್ದಾಗ ಹಳ್ಳಿಗಳಲ್ಲಿ ಆರೋಗ್ಯದ ಅರಿವು ಮೂಡಿಸುತ್ತೇನೆ ಎಂದು ನಂಬಿಕೊಂಡಿರುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಪದಕಗಳು ಮನೆಯಲ್ಲಿವೆ. ಆದ್ದರಿಂದ ಸಕ್ರಮವಾಗಿ ವಾದಿಸಿದೆ: ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು, ಆದರೆ ಎಲ್ಲ ಕಾಗದಗಳನ್ನೂ ಅವರ ಮುಂದಿಡುವುದು ರೋಗಿಯ ಹಿತ, ವೈದ್ಯನನ್ನು ಪರೀಕ್ಷಿಸುವುದೂ ವೈದ್ಯನಿಂದ ಪರೀಕ್ಷಿಸಿಕೊಳ್ಳುವುದೂ ಎರಡು ಬೇರೆ ಬೇರೆ ಕಾರ್ಯಗಳು.

ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಮೊದಲ್ನೆಯವ್ನು ಇಟ್ಟ ಕಲ್ಲು ತೋರ್ಸಿದ್ರೆ ಎರಡ್ನೆಯವ್ನ ಕಾಯಿನೂ ಅಲ್ಲೇ ಎದ್ ನಿಂತ್ಕತದೆ,’ ಎಂದರು. ದೊಡ್ಡಮ್ಮ, ಅತ್ತೆಯರು, ಜಗಲಿಯಲ್ಲಿ ಕೂತಿದ್ದ ನೆರೆಯವರು, ಎಲ್ಲರೂ ತಲೆದೂಗಿದರು. ನನ್ನ ಮೂರು ಅಂಶಗಳು ಒಂದು ತೆಂಗಿನಕಾಯಿಗೆ ಸೋತವು. ಅಂತರ ಕಾಲೇಜು ಮಟ್ಟದಲ್ಲಿ ಅಂಥ ಎದುರಾಳಿ ನನಗೆ ಸಿಕ್ಕಿರಲಿಲ್ಲ.

ಹೀಗಾಗಿ ಸೂಜಿ ಪರೀಕ್ಷೆಯ ವರದಿ ರಾಗಿ ಚೀಲಗಳ ಹಿಂದಿನ ಟ್ರಂಕು ಸೇರಿತು. ಶಿರಾದ ವೈದ್ಯರ ಮುಂದೆ ರಕ್ತ ಪರೀಕ್ಷೆಯ ಚೀಟಿಯನ್ನಷ್ಟೇ ಇಟ್ಟು, ‘ಇವ್ರಿಗೆ ಪದೇ ಪದೇ ಹೊರಗೆ ಹೋಗ್ಬೇಕು ಸಾರ್’ ಎಂದು ಚಿಕ್ಕಪ್ಪ ಕೈಕಟ್ಟಿ ನಿಂತರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಗಂಡಸರ ಗ್ರಂಥಿಯ ಮಾತು ನಡೆಯುವಲ್ಲಿ ಹೆಣ್ಣುಮಗಳು ಇರಬಾರದೆಂದು ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಇಂಥ ಮುಜುಗರವನ್ನು ಹೋಗಲಾಡಿಸುವ ಬಗ್ಗೆ ನಾನು ಊರೂರಿನಲ್ಲಿ ಭಾಷಣ ಮಾಡಿದ್ದೇನೆ. ಬೆಂಚು ಗಟ್ಟಿಯಾಗಿತ್ತು.

ವೈದ್ಯರು, ಗ್ರಂಥಿ ಊದಿದೆ, ಆದರೆ ರಕ್ತದ ಈ ಸಂಖ್ಯೆ ನೋಡಿದರೆ ಸೂಜಿ ಪರೀಕ್ಷೆ ಆಗಲೇಬೇಕು, ಬೇಗ ಬನ್ನಿ, ಅಲ್ಲಿಯವರೆಗೆ ಈ ಮಾತ್ರೆ ನುಂಗಿ ಎಂದು ಕಳಿಸಿದರೆಂದು ಆಮೇಲೆ ದೊಡ್ಡಪ್ಪನಿಂದ ತಿಳಿಯಿತು. ಆ ವಾಕ್ಯದಲ್ಲಿ ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಊತ ಮತ್ತು ಮಾತ್ರೆ.

‘ನೋಡ್ದಾ? ಕ್ಯಾನ್ಸರ್ ಅಂತ ಬಾಯೇ ಬಿಡ್ಲಿಲ್ಲ!’ ಎಂದರು, ಬಸ್ಸಿನಲ್ಲಿ.

‘ನೀವು ವರದಿ ತೋರಿಸಿದ್ದರೆ ತಾನೇ ಚಿಕ್ಕಪ್ಪ?’

‘ತೋರ್ಸಿದ್ರೆ ಅವ್ನೂ ಅದ್ನೇ ಅಂತಿದ್ದ. ಅದ್ಕೇ ತೋರಿಸ್ಲಿಲ್ಲ.’

ಈ ತರ್ಕದೊಳಗೆ ಎಲ್ಲಿಂದ ಪ್ರವೇಶಿಸಬೇಕೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಮಾತ್ರೆ ಕೆಲಸ ಮಾಡಿತು. ದೊಡ್ಡಪ್ಪ ಒಂದು ಇಡೀ ಪಾಲಿನ ಪಂಚಾಯ್ತಿಯನ್ನು ಅಲುಗದೆ ಕೂತು ಮುಗಿಸಿದರು. ಊರಿನಲ್ಲಿ ಅವರ ನಿಷ್ಪಕ್ಷಪಾತ ಪುನಃ ಸ್ಥಾಪನೆಯಾಯಿತು. ಎಷ್ಟೋ ತಿಂಗಳ ಮೇಲೆ ಚಿಕ್ಕಪ್ಪ ಪಟ್ಟಣದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ಮನೆಯಲ್ಲಿ ಒಬ್ಬಟ್ಟು ಮಾಡಿದರು. ದೊಡ್ಡಮ್ಮ ಸಿದ್ದರಬೆಟ್ಟಕ್ಕೆ ಹೋಗಿ ಹರಕೆ ತೀರಿಸಿ ಬಂದರು. ಕ್ಯಾನ್ಸರ್ ನಮ್ಮ ಮನೆತನದ ಮರ್ಯಾದೆಗೆ ಅಂಜಿ ತಾನಾಗಿ ಹೊರಟುಹೋಯಿತೆಂಬ ಸಿದ್ಧಾಂತವನ್ನು ಒಪ್ಪದೆ ಉಳಿದವಳು ನಾನೊಬ್ಬಳೇ. ಮೂರನೆಯ ಕಡೆ ತೋರಿಸಲೇಬೇಕೆಂದು ಹಟ ಹಿಡಿದೆ. ಮೂರನೆಯ ಕಾಯಿಯೂ ನಮ್ಮ ಕಡೆಗೇ ನಿಲ್ಲುತ್ತದೆಂಬ ಭರವಸೆಯಿಂದ ಚಿಕ್ಕಪ್ಪ ಒಪ್ಪಿದರು.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ಎರಡು ಆಘಾತಗಳಾದವು. ಮೊದಲನೆಯದು, ವೈದ್ಯರು ಹೆಂಗಸು, ಅದೂ ನನಗಿಂತ ಚಿಕ್ಕವರು. ಚಿಕ್ಕಪ್ಪ ನನ್ನನ್ನು ಹೊರಗೆ ಕಳಿಸಲು ಬಾಯಿ ತೆರೆದವರು, ಒಳಗಿರುವವರೇ ಹೆಣ್ಣುಮಗಳಾದ ಮೇಲೆ ಯಾರನ್ನು ಕಳಿಸುವುದೆಂದು ತಿಳಿಯದೆ ಬಾಯಿ ಮುಚ್ಚಿದರು. ಈ ಸಲ ಅವರು ತುಮಕೂರಿನ ಸೂಜಿ ವರದಿಯನ್ನೂ ಎರಡು ರಕ್ತ ಪರೀಕ್ಷೆಗಳ ಚೀಟಿಗಳನ್ನೂ ಕೊಟ್ಟು, ಶಿರಾದ ಮಾತ್ರೆಯ ವಿಷಯವನ್ನು ಮಾತ್ರ ನುಂಗಿಕೊಂಡರು. ಒಂದನ್ನಾದರೂ ಮುಚ್ಚಿಡದಿದ್ದರೆ ಪರೀಕ್ಷೆ ಹೇಗಾದೀತು?

ವೈದ್ಯೆ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ‘ಇಷ್ಟು ಇಳಿದಿದೆ! ಏನಾದರೂ ಔಷಧಿ ತಗೋತಿದ್ದೀರಾ?’

‘ಏನೂ ಇಲ್ಲ ಕಣಮ್ಮ. ಮುದ್ದೆ, ಸೊಪ್ಪಿನ ಸಾರು.’

‘ಯಾವ ಮಾತ್ರೆಯೂ ಇಲ್ಲವಾ? ಸರಿಯಾಗಿ ಯೋಚನೆ ಮಾಡಿ ಹೇಳಿ.’

‘ಇಲ್ಲ ಅಂದ್ನಲ್ಲ.’

ನಾನು ಮಾತಾಡಲು ಹೊರಟೆ. ಅಷ್ಟರಲ್ಲಿ, ಅಷ್ಟು ಹೊತ್ತೂ ಗೋಡೆಯ ಗಡಿಯಾರ ನೋಡುತ್ತಿದ್ದ ದೊಡ್ಡಪ್ಪ ತಮ್ಮ ಅಂಗಿಯ ಒಳಜೇಬಿಗೆ ಕೈಹಾಕಿ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟರು.

‘ಅಣ್ಣ, ಏನ್ ಮಾಡ್ದೆ!’

‘ಲೇ, ಸುಮ್ಕಿರು. ಎರಡೂ ಕಡೆ ಕೇಳ್ದೆ ನ್ಯಾಯ ಹೆಂಗ್ಲಾ ಹೇಳ್ತದೆ ಆಯಮ್ಮ? ನನ್ ಮುಂದೆ ಯಾವನಾದ್ರೂ ಪತ್ರ ಮುಚ್ಚಿಟ್ಟು ಪಾಲು ಕೇಳಿದ್ರೆ, ಅವನ್ನ ಮೊದ್ಲು ಎಬ್ಬಿಸಿ ಕಳಿಸ್ತೀನಿ. ನೀನು ಇಂಗೆ ಮಾಡ್ತಿರೋದು ನನ್ ಜೀವದ್ ವಿಷ್ಯದಾಗೆ.’

ವೈದ್ಯೆ ಪಟ್ಟಿಯನ್ನು ತಿರುಗಿಸಿ ಓದಿದರು. ಅವರ ಮುಖದಲ್ಲಿದ್ದ ಸಮಾಧಾನ ಹೋಯಿತು. ಈ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ರಕ್ತದ ಸಂಖ್ಯೆ ಸುಮಾರು ಅರ್ಧದಷ್ಟು ಕಾಣುತ್ತದೆ, ನಿಜವಾದ ಸಂಖ್ಯೆ ತಿಳಿಯಲು ಇದನ್ನು ಇಮ್ಮಡಿ ಮಾಡಬೇಕು, ಅಂದರೆ ಏನೂ ಇಳಿದಿಲ್ಲ ಎಂದು ವಿವರಿಸಿದರು. ‘ಇದು ಗೊತ್ತಾಗದೆ ಹೋಗಿದ್ದರೆ ನಾನು, ಆರಾಮಾಗಿ ಹೋಗಿ ಬನ್ನಿ ಅನ್ನುತ್ತಿದ್ದೆ.’ ಅದೇ ಎರಡನೆಯ ಆಘಾತ. ಚಿಕ್ಕಪ್ಪ ಛಾವಣಿಯ ಫ್ಯಾನನ್ನು ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡತೊಡಗಿದರು.

ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆ ಮತ್ತೊಮ್ಮೆ ಆಯಿತು. ಒಬ್ಬಟ್ಟು ತಿಂದುಕೊಂಡು ನಾವು ಸಂಭ್ರಮಿಸಿದ್ದ ತಿಂಗಳುಗಳಲ್ಲಿ ಕಾಯಿಲೆ ಒಂದು ಮೆಟ್ಟಿಲು ಹತ್ತಿತ್ತು. ಇನ್ನೂ ಗ್ರಂಥಿಯೊಳಗೇ ಇತ್ತು. ಆದರೆ ಕಾದು ನೋಡುವ ದಾರಿಯನ್ನು ಇನ್ನು ನಂಬಿ ಕೂರುವಂತಿಲ್ಲ, ಆಪರೇಷನ್ ಅಥವಾ ರೇಡಿಯೇಷನ್ ಎಂದರು ವೈದ್ಯೆ.

‘ನಿಮ್ಮ ತಂದೆಗಾಗಿದ್ದರೆ ಏನ್ ಮಾಡ್ತಿದ್ರಿ?’ ಎಂದು ಚಿಕ್ಕಪ್ಪ ಕೇಳಿದರು. ಸೋತ ಸೈನ್ಯದ ಕಡೆಯ ಬಾಣ ಅದು.

‘ನನ್ನ ತಂದೆಗೆ ಯಾವುದರ ಭಯ ಅಂತ ಮೊದಲು ಕೇಳುತ್ತಿದ್ದೆ,’ ಎಂದು ವೈದ್ಯೆ ದೊಡ್ಡಪ್ಪನ ಕಡೆ ತಿರುಗಿದರು. ‘ನಿಮಗೆ ಯಾವುದರ ಭಯ ಯಜಮಾನ್ರೇ?’

ಮೂರು ಊರುಗಳ ಆಸ್ಪತ್ರೆ ಸುತ್ತಿದ್ದರೂ ಆ ಪ್ರಶ್ನೆಯನ್ನು ಮನೆಯವರಾದ ನಾವು ಯಾರೂ ಅವರಿಗೆ ಕೇಳಿರಲಿಲ್ಲ. ನನ್ನ ಭಾಷಣಗಳಲ್ಲೂ ಅದಕ್ಕೆ ಜಾಗವಿರಲಿಲ್ಲ. ದೊಡ್ಡಪ್ಪ ಟವಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

‘ಸಾಯಾಕೆ ಏನ್ ಭಯ ತಾಯಿ. ನಾಕ್ ಜನದ್ ಮಧ್ಯೆ ಕೂತಾಗ ಪಂಚೆ ಒದ್ದೆ ಆಗ್ಬಾರ್ದು. ಅದೊಂದೇ.’

ಚಿಕ್ಕಪ್ಪ ನನಗೆ ಬಾಗಿಲಿನ ಕಡೆ ಕಣ್ಣು ತೋರಿಸಿದರು. ದೊಡ್ಡಪ್ಪ ಅದನ್ನು ಕಂಡು, ‘ಕೂತ್ಕೊ ಮಗ. ನಾನ್ ಮರೆಯೋದ್ನ ನೀನು ಜ್ಞಾಪಕ ಇಟ್ಕೊ,’ ಎಂದರು.

ವೈದ್ಯೆ ಯಾವುದಕ್ಕೂ ಬಣ್ಣ ಹಚ್ಚದೆ ಹೇಳಿದರು. ಆಪರೇಷನ್ ಆದರೆ ಕೆಲವು ತಿಂಗಳು ಮೂತ್ರ ಸೋರಬಹುದು, ಕೆಲವರಿಗೆ ಅದು ಪೂರ್ತಿ ನಿಲ್ಲುವುದೇ ಇಲ್ಲ. ರೇಡಿಯೇಷನ್ನಿಗೆ ವಾರಗಟ್ಟಲೆ ಓಡಾಡಬೇಕು, ಉರಿ ಇರುತ್ತದೆ, ಮಲವಿಸರ್ಜನೆಗೂ ತೊಂದರೆಯಾಗಬಹುದು. ಸೋರುವ ಸಂಭವ ಕಡಿಮೆ, ಇಲ್ಲವೇ ಇಲ್ಲ ಎನ್ನಲಾರೆ. ಗಂಡಹೆಂಡಿರ ಸಂಬಂಧಕ್ಕೆ ಎರಡರಿಂದಲೂ ಪೆಟ್ಟು ಬೀಳಬಹುದು. ದೊಡ್ಡಪ್ಪ ಪಾಲಿನ ಪಂಚಾಯ್ತಿಯಲ್ಲಿ ಕೇಳುವಂತೆಯೇ ಒಂದೊಂದನ್ನೂ ಮರಳಿ ಕೇಳಿ ತಿಳಿದುಕೊಂಡು, ಕೊನೆಗೆ ‘ಕರೆಂಟೇ ಕೊಡ್ಸು ತಾಯಿ,’ ಎಂದರು. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಎನ್ನುತ್ತಾರೆ.

‘ಇನ್ನೊಂದ್ ಕಡೆ ತೋರ್ಸಿ ನೋಡಣ್ವಾ ಅಣ್ಣ?’ ಎಂದರು ಚಿಕ್ಕಪ್ಪ ಮೆಟ್ಟಿಲಿಳಿಯುತ್ತ.

‘ತೋರ್ಸು. ಫೈಲ್ ಪೂರ್ತಿ ತಗಂಡೋಗು. ನಾನ್ ಬರಲ್ಲ, ನಂಗಿಲ್ಲಿ ಕೆಲ್ಸ ಐತೆ.’

ಚಿಕಿತ್ಸೆ ಶುರುವಾದ ದಿನ ದಾದಿ ಬಂದು, ಬಾಟಲಿಯ ನೀರನ್ನೆಲ್ಲ ಕುಡಿದು, ಮೂತ್ರ ಕಟ್ಟಿಕೊಂಡು ಕಾಯಬೇಕು, ಮೂತ್ರಕೋಶ ತುಂಬಿದ್ದರೇ ಕಿರಣ ಸರಿಯಾದ ಕಡೆ ಬೀಳುತ್ತದೆ ಎಂದಳು. ಆ ಆದೇಶದ ಹಾಸ್ಯ ದೊಡ್ಡಪ್ಪನಿಗೂ ಜೊತೆಗೆ ಹೋಗಿದ್ದ ನನಗೂ ಏಕಕಾಲಕ್ಕೆ ತಟ್ಟಿತು. ದೊಡ್ಡಪ್ಪ ಬಾಟಲಿಯನ್ನು ಬರಿದು ಮಾಡಿ, ಪಂಚೆಯನ್ನು ಮೊಣಕಾಲಿನ ಮೇಲೆ ಸರಿಪಡಿಸಿಕೊಂಡು, ನೆಟ್ಟಗೆ ಕೂತರು. ಅವರ ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಒಳಗಿನಿಂದ ಬೇರೆ ಯಾರದೋ ಹೆಸರು ಕರೆದರು.

‘ಹೋಗಿ ಬರಬೇಕಾ ದೊಡ್ಡಪ್ಪ?’ ಎಂದೆ.

‘ಬುಡು,’ ಎಂದರು ಹಲ್ಲು ಕಚ್ಚಿ. ‘ಏನಾರ ಮಾತಾಡ್ತಿರು. ನೀನು ಕಾಲೇಜ್ನಾಗೆ ಗೆದ್ದಿದ್ಯಲ್ಲ, ಆ ಭಾಷಣ ಹೇಳು. ಎಷ್ಟ್ ಉದ್ದ ಆದ್ರೂ ಪರ್ವಾಗಿಲ್ಲ.’

ನಾನು ಎದ್ದು ನಿಲ್ಲದೆ, ಅವರ ಕೈ ಹಿಡಿದುಕೊಂಡು, ‘ಮಾನ್ಯ ಅಧ್ಯಕ್ಷರೇ’ ಎಂದು ಶುರುಮಾಡಿದೆ.