ಸುಲಭಾಳ ಕಳ್ಳಕುಬಸ

ಬ್ಯಾಡಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸುಲಭಾ ಕೂತು ಕೆಲಸ ಮಾಡಿದ್ದನ್ನು ಕಂಡವರು ಕಡಿಮೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ವೈರು ಎಷ್ಟು ಉದ್ದವೋ ಅಷ್ಟು ದೂರ ಅಡ್ಡಾಡುವವಳೇ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ. ಮುಂಬೈಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಮೆಣಸಿನಕಾಯಿ ವ್ಯಾಪಾರಿಗಳಿಗಿಂತ ಲೈನು ಕೂಡಿಸಿಕೊಡುವ ಇವಳಿಗೇ ಹೆಚ್ಚು ಅವಸರ.

ತಿಂಗಳಿಗೆ ಮೂರು ದಿನ ಮಾತ್ರ ಈ ಹೆಂಗಸು ಅಲ್ಲಾಡುತ್ತಿರಲಿಲ್ಲ. ಮನೆಯ ಹಿತ್ತಿಲ ಪಡಸಾಲೆಯ ಮೂಲೆಯಲ್ಲಿ ಒಂದು ಚಾಪೆ. ಅದರ ಮೇಲೆ ಹೊಟ್ಟೆ ಹಿಡಿದುಕೊಂಡು, ಹಲ್ಲು ಕಚ್ಚಿ ಮುದುಡಿ ಬಿದ್ದಿರುತ್ತಿದ್ದಳು. ಅತ್ತೆ ಗೋದೂಬಾಯಿ ಮಡಿ ಹೆಂಗಸು. ದೂರದಿಂದಲೇ ಊಟದ ತಾಟು ಸರಿಸಿ, "ಈ ತಿಂಗಳೂ ಹೊರಗಾದೆಲ್ಲಾ" ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದರು. ಮದುವೆಯಾಗಿ ಎಂಟು ವರ್ಷ, ತಿಂಗಳು ತಪ್ಪದೆ ಅದೇ ಮಾತು. ಕೂಸಿಲ್ಲದ ದುಃಖಕ್ಕೆ ಆ ಮನೆಯಲ್ಲಿ ಜಾಗ ಇತ್ತು, ಸೊಸೆಯ ನೋವಿಗೆ ಇರಲಿಲ್ಲ. ಹೆಂಗಸರೆಂದ ಮೇಲೆ ಅದು ಇದ್ದದ್ದೇ ಎಂದು ಹೇಳಿ ಹೇಳಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದೇವೋ, ನಮಗೆ ನಾಚಿಕೆಯಾಗಬೇಕು.

೧೯೮೮ರ ದೀಪಾವಳಿಗೆ ಮುಂಚೆ ಗಂಡ ಅಣ್ಣಾಜಿ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ಅವನು ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಗುಮಾಸ್ತ, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಲೇಡಿ ಡಾಕ್ಟರು ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ದುರ್ಬೀನು ಇಳಿಸಿ ನೋಡಿದರು. ಎಂಡೊಮೆಟ್ರಿಯೋಸಿಸ್ ಎಂದರು.

"ಗರ್ಭಚೀಲದ ಒಳಗ ಒಂದು ಪದರ ಇರ್ತದ. ಅಂಥಾದ್ದೇ ನಿಮಗ ಚೀಲದ ಹೊರಗೂ ಬೆಳದದ. ತಿಂಗಳಾ ಅದೂ ರಕ್ತ ಬಿಡ್ತದ, ಹೊರಗ ಹೋಗ್ಲಿಕ್ಕೆ ದಾರಿ ಇಲ್ಲ. ಅದಕ್ಕ ಇಷ್ಟು ನೋವು, ಅದಕ್ಕ ಕೂಸು ನಿಂತಿಲ್ಲ. ಆರು ತಿಂಗಳು ಮುಟ್ಟು ನಿಂದ್ರಸೋ ಗುಳಿಗಿ ಕೊಡ್ತೀನಿ, ಅದು ಒಣಗಲಿ. ಆಮ್ಯಾಲ ಕೂಸಿನ ಆಸೆ ಮಾಡೋಣು. ಆದ್ರ ಈ ಆರು ತಿಂಗಳು ಬಸರಾಗಬಾರದು ನೋಡ್ರಿ, ಗುಳಿಗಿ ಹೊಟ್ಟ್ಯಾಗಿನ ಕೂಸಿಗೆ ಕೆಟ್ಟದ್ದು."

ಮೈ ಊದಬಹುದು, ಮೀಸೆಯ ಜಾಗದಲ್ಲಿ ಕೂದಲು ಬರಬಹುದು, ದನಿ ದಪ್ಪವಾಗಬಹುದು ಎಂದೂ ಹೇಳಿದರು. ಸುಲಭಾ ಎಲ್ಲದಕ್ಕೂ ಗೋಣು ಹಾಕಿದಳು. ಕೊಂಬು ಮೂಡುತ್ತವೆ ಎಂದಿದ್ದರೂ ಹಾಕುತ್ತಿದ್ದಳು.

ಬರುವಾಗ ಬಸ್ಸಿನಲ್ಲಿ ಅಣ್ಣಾಜಿ, "ಅವ್ವಗ ಹೇಳೋದು ಬ್ಯಾಡ. ಮುಟ್ಟು ನಿಂದ್ರಸೋ ಗುಳಿಗಿ ಅಂದ್ರ ಒಲಿಗೆ ಹಾಕ್ತಾಳ" ಎಂದ. ಅವಳಿಗೂ ಹಾಗೇ ಅನಿಸಿತ್ತು. ಗುಳಿಗೆಗಳು ಎಕ್ಸ್‌ಚೇಂಜಿನ ಡ್ರಾವರಿನಲ್ಲಿ ಕೂತವು.

ಮೊದಲ ತಿಂಗಳು ಚಾಪೆ ಬಿಚ್ಚಲಿಲ್ಲ. ಗೋದೂಬಾಯಿ ಏನೂ ಕೇಳಲಿಲ್ಲ. ಎರಡನೇ ತಿಂಗಳೂ ಬಿಚ್ಚಲಿಲ್ಲ, ಆಗಲೂ ಕೇಳಲಿಲ್ಲ. ಆದರೆ ಅವಳ ಮೊಸರಿನ ಬಟ್ಟಲಲ್ಲಿ ಕೆನೆ ದಪ್ಪವಾಗತೊಡಗಿತು. ಬಾವಿಯ ಹಗ್ಗಕ್ಕೆ ಕೈ ಹಾಕಿದರೆ, "ನೀ ಬಿಡು, ನಾ ಸೇದತೀನಿ" ಎಂದು ಅತ್ತೆ ಹಗ್ಗ ಕಸಿದುಕೊಂಡರು. ಶನಿವಾರ ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ಹೋಗಿಬಂದು ಮಾತಾಡದೆ ಪ್ರಸಾದ ಕೈಗಿಡುತ್ತಿದ್ದರು. ಮೂರು ತುಂಬುವ ತನಕ ಬಸಿರಿನ ಮಾತು ಎತ್ತಿದರೆ ದೃಷ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಅವರು ಬಾಯಿ ಬಿಡುವಂತಿರಲಿಲ್ಲ, ಇವಳು ಬಿಡಲಿಲ್ಲ.

ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದಳು. ಅಡುಗೆಮನೆಯ ಬಾಗಿಲ ತನಕ ಹೋಗಿ, ಏನೋ ಮರೆತವಳಂತೆ ತಿರುಗುತ್ತಿದ್ದಳು. ಹೇಳಿದರೆ ಗುಳಿಗೆ ಹೋಗುತ್ತದೆ, ಗುಳಿಗೆಯೊಂದಿಗೆ ಇದ್ದೊಂದು ಆಸೆಯೂ ಹೋಗುತ್ತದೆ ಎಂಬ ಭಯ ಒಂದು. ಇನ್ನೊಂದನ್ನು ಗಂಡನಿಗೂ ಹೇಳಿರಲಿಲ್ಲ: ಆ ಕೆನೆ ಅವಳಿಗೆ ಬೇಕಾಗಿತ್ತು. ಯಾರೋ ಹಗ್ಗ ಕಸಿದುಕೊಳ್ಳುವುದು ಬೇಕಾಗಿತ್ತು. ಊದಿದ ಹೊಟ್ಟೆಯ ಮೇಲೆ ಕೈಯಿಟ್ಟು ಅವಳೂ ತಿಂಗಳು ಎಣಿಸತೊಡಗಿದ್ದಳು. ಇದು ಹುಚ್ಚು ಎಂದು ಗೊತ್ತಿತ್ತು, ಆದರೂ ಎಣಿಸಿದಳು.

ಅಷ್ಟರಲ್ಲಿ ದನಿ ಒಡೆಯಿತು. ಸುಗ್ಗಿಯ ಮೆಣಸಿನಕಾಯಿ ಘಾಟಿಗೆ ಊರೆಲ್ಲ ಸೀನುವ ಕಾಲ, ಗಂಟಲು ಕಟ್ಟಿದೆ ಎಂದರೆ ಜನ ನಂಬಿದರು. ಹುಬ್ಬಳ್ಳಿಗೆ ಫೋನು ಹಚ್ಚಿ ಡಾಕ್ಟರಿಗೆ ಮಾತ್ರ ನಿಜ ಹೇಳಿದಳು. ಅವರು ಗುಳಿಗೆ ಅರ್ಧಕ್ಕೆ ಇಳಿಸಿ, "ಹೋದ ದನಿ ಪೂರಾ ತಿರುಗಿ ಬರದೇನೂ ಇರಬಹುದು, ವಿಚಾರ ಮಾಡ್ರಿ" ಎಂದರು. ವಿಚಾರ ಮಾಡುವಂಥದ್ದೇನೂ ಅವಳಿಗೆ ಕಾಣಲಿಲ್ಲ, ಗುಳಿಗೆ ನುಂಗುತ್ತಲೇ ಇದ್ದಳು.

ಒಂದು ದಿನ ಬೆಳಿಗ್ಗೆ ಮೆಣಸಿನಕಾಯಿ ದಲಾಲ ಅಲ್ಲಾಬಕ್ಷ ಲೈನಿನ ಮೇಲೆ ಬಂದ. "ಸಾಹೇಬ್ರ, ಮದ್ರಾಸ ಅರ್ಜೆಂಟ್ ಬೇಕ್ರಿ. ಅಂದಂಗ, ಮೊದಲಿದ್ದ ಬಾಯಿಯವರಿಗೆ ವರ್ಗ ಆತೇನ್ರಿ? ಛಲೋ ದನಿ ಇತ್ತು ನೋಡ್ರಿ ಅವರದು."

"ಹೌದ್ರಿ, ವರ್ಗ ಆತು" ಎಂದಳು ಸುಲಭಾ.

ಆ ಮಧ್ಯಾಹ್ನವೇ ಡ್ಯೂಟಿ ಮುಗಿಸಿ ಬಂದರೆ ನಡುಮನೆಯಲ್ಲಿ ಮಣೆ ಹಾಕಿದೆ, ಸುತ್ತ ರಂಗೋಲಿ. ಓಣಿಯ ನಾಲ್ಕು ಮುತ್ತೈದೆಯರು ಹೊಸ ಸೀರೆ ಉಟ್ಟು, ದನಿ ತಗ್ಗಿಸಿ ನಗುತ್ತ ಕೂತಿದ್ದಾರೆ. ಮೂರು ತುಂಬಿದ ಬಸುರಿಗೆ, ಊರಿಗೆ ತಿಳಿಯದ ಹಾಗೆ ಹತ್ತಿರದವರಷ್ಟೇ ಕೂಡಿ ಹಸಿರು ಕುಬಸ, ಅಂದರೆ ರವಿಕೆಯ ಕಣ, ಕೊಟ್ಟು ಉಡಿ ತುಂಬುವ ಕಳ್ಳಕುಬಸ ಅದು. ಅಣ್ಣಾಜಿ ರಾಣೆಬೆನ್ನೂರಿನಲ್ಲಿ. ಗೋದೂಬಾಯಿ ಕೈ ಹಿಡಿದು ಮಣೆಯ ಮೇಲೆ ಕೂಡಿಸಿಯೇ ಬಿಟ್ಟರು.

"ಗಂಡನ ಹೆಸರ ಹೇಳು ಮೊದಲ, ಆಮ್ಯಾಲ ಕುಬಸ" ಎಂದರು ಪಕ್ಕದ ಮನೆಯ ಸರಸ್ವತೀಬಾಯಿ.

"ಬ್ಯಾಡ್ರಿ, ನನಗ..." ಎಂದಳು. ಅಷ್ಟಕ್ಕೇ ಸರಸ್ವತೀಬಾಯಿ ಚಪ್ಪಾಳೆ ತಟ್ಟಿದರು.

"ದನಿ ಕೇಳಿದ್ರೇನ? ಥೇಟ್ ಗಂಡಸರ ದನಿ! ಹೊಟ್ಟ್ಯಾಗ ಗಂಡಸಮಗ ಕೂತಾನ, ಅವನ ದನೀನ ಇದು. ಖರೇ ಆಗದಿದ್ರ ನನ್ನ ಕೇಳ್ರಿ."

ಗೋದೂಬಾಯಿಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಹಸಿರು ಕುಬಸದ ಕಣ ಎತ್ತಿ ಸೊಸೆಯ ಉಡಿಯ ಕಡೆ ಕೈ ಚಾಚಿದರು. ತಾನು ಸುಳ್ಳು ಹೇಳಿಲ್ಲ ಎಂದು ಮೂರು ತಿಂಗಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ ಸುಲಭಾ ಇನ್ನು ತಡೆಯಲಾರದಾದಳು. ಮಣೆಯಿಂದ ಎದ್ದು ನಿಂತಳು.

"ಕೊಡಬ್ಯಾಡ್ರಿ ಅತ್ತಿಯವರ. ನನ್ನ ಹೊಟ್ಟ್ಯಾಗ ಯಾರೂ ಇಲ್ಲ. ಗುಳಿಗಿ ತಗೊಂಡು ಮುಟ್ಟು ನಿಂದ್ರಿಸೀನಿ."

ಆ ಹೆಂಗಸರು ಹೇಗೆ ಎದ್ದು ಹೋದರೋ ಅವಳಿಗೆ ನೆನಪಿಲ್ಲ. ಗೋದೂಬಾಯಿ ಕುಬಸದ ಕಣ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತರು.

"ಮೂರು ತಿಂಗಳು ಹನಮಪ್ಪಗ ಕೈ ಮುಗದೇನಿ. ನೀ ಸುಮ್ಮನ ನೋಡ್ಕೋತ ಇದ್ದೆಲ್ಲಾ?"

"ಹೇಳಬೇಕಂತಿದ್ದೆ. ಬಾಯಿ ಬರಲಿಲ್ಲ. ನನಗೂ ಖರೇ ಅನಸ್ಲಿಕ್ಕತ್ತಿತ್ತು."

"ಹೊರಗಾಗೋದು ನಿಂದ್ರಿಸಿದ್ರ ಕೂಸು ಹ್ಯಾಂಗ ಆಗ್ತದ? ಯಾರು ಹೇಳ್ಯಾರ ನಿನಗ?"

"ಒಳಗ ಗಾಯ ಅದ ಅತ್ತಿಯವರ. ತಿಂಗಳಾ ಹೊಸಾದಾಗ್ತದ. ಒಣಗಲಿಕ್ಕೆ ಬಿಡಬೇಕಂತ ಡಾಕ್ಟರ್ ಹೇಳ್ಯಾರ."

"ಎಂದಿನಿಂದ ಅದ ಗಾಯ?"

"ನಾ ಈ ಮನಿಗೆ ಬಂದಾಗಿಂದ."

ಗೋದೂಬಾಯಿ ಕುಬಸದ ಕಣವನ್ನು ಮಡಿಚಿ ಬದಿಗಿಟ್ಟರು. ಆಮೇಲೆ ಎದ್ದು, "ಆ ಗುಳಿಗಿ ನಾಳೆ ಇಲ್ಲೆ ತಂದಿಡು" ಎಂದರು. ಅದು ಅಪ್ಪಣೆ. ರಾತ್ರಿಯೆಲ್ಲ ಸುಲಭಾ ನಿದ್ದೆ ಮಾಡಲಿಲ್ಲ. ಮರುದಿನ ತಂದು ಅವರ ಮುಂದಿಟ್ಟಾಗ ಅವಳ ಕಣ್ಣು ಒಲೆಯ ಮೇಲೇ ಇತ್ತು. ಗೋದೂಬಾಯಿ ಡಬ್ಬಿ ಎತ್ತಿ ಸಕ್ಕರೆ, ಚಹಾಪುಡಿ ಇಡುವ ಗೋಡೆಯ ನಾಗೊಂದಿಗೆಯ ಮೇಲೆ ಇಟ್ಟರು. "ದಿನಕ್ಕ ಎಷ್ಟು?" ಎಂದು ಕೇಳಿದರು, ಅಷ್ಟೇ.

ಅಂದಿನಿಂದ ಅವರು ಸೊಸೆಯೊಂದಿಗೆ ಮಾತು ಬಿಟ್ಟರು. ಗುಳಿಗೆ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, ಹಾಲಿನ ಲೋಟದ ಪಕ್ಕ ಇಟ್ಟು ಅವಳು ನುಂಗುವ ತನಕ ಮುಖ ಗಂಟು ಹಾಕಿಕೊಂಡು ನಿಂತಿರುತ್ತಿದ್ದರು. ಎಪ್ರಿಲ್ ಮುಗಿಯುವ ಹೊತ್ತಿಗೆ ಡಬ್ಬಿ ಖಾಲಿಯಾಯಿತು. ಮುಟ್ಟು ಬರಬೇಕು, ಅದು ಬಂದ ಮೇಲೆ ಪ್ರಯತ್ನ ಎಂದಿದ್ದರು ಡಾಕ್ಟರು. ಎಂಟು ವರ್ಷ ಯಾವುದು ಬಾರದಿರಲಿ ಎಂದು ಬೇಡಿಕೊಂಡಿದ್ದಳೋ ಅದನ್ನೇ ಈಗ ಕಾಯುತ್ತ ಸುಲಭಾ ನಿಂತಲ್ಲಿ ನಿಲ್ಲದಾದಳು. ಎಕ್ಸ್‌ಚೇಂಜಿನಲ್ಲಿ ಎರಡು ರಾಂಗ್ ನಂಬರು ಕೊಟ್ಟು ಬೈಸಿಕೊಂಡಳು.

ಜೂನ್ ಮೊದಲ ವಾರ ಒಂದು ಮುಂಜಾನೆ ಹಿತ್ತಿಲ ಬಾಗಿಲಲ್ಲಿ ನಿಂತು, "ಅತ್ತಿಯವರ, ಹೊರಗಾದೆ" ಎಂದಳು. ದನಿ ಇನ್ನೂ ಒಡಕು.

ಗೋದೂಬಾಯಿ ಚಾಪೆ ಹಾಸಿದರು. ದೂರದಿಂದಲೇ ತಾಟು ಸರಿಸಿದರು. ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಾರೆಂದು ಸುಲಭಾ ತಲೆ ತಗ್ಗಿಸಿದಳು. ಅವರು ಹೋಗಲಿಲ್ಲ.

"ನೋವು ಅದ ಏನ?"

ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಸುಲಭಾ ಅಳತೊಡಗಿದಳು. "ಅದ. ಆದ್ರ ತಡಕೋಬಹುದು, ಮೊದಲಿನಂಗ ಇಲ್ಲ."

"ಎಲ್ಲಿ? ತೋರಸು."

ತೋರಿಸಿದಳು. ಆ ಮಡಿ ಹೆಂಗಸು ಚಾಪೆಯ ಅಂಚಿಗೆ ಬಂದು ಕೂತು, ಅಲ್ಲಿ ತಮ್ಮ ಅಂಗೈ ಇಟ್ಟರು. ಸ್ವಲ್ಪ ಹೊತ್ತಿಗೆ ಎದ್ದು ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದರು. ಮಧ್ಯಾಹ್ನ ಮತ್ತೆ ಬಂದು, "ಈಗ ಹ್ಯಾಂಗದ?" ಎಂದು ಮತ್ತೆ ಕೈಯಿಟ್ಟು ನೋಡಿದರು.

ಆ ದಿನ ಗೋದೂಬಾಯಿ ಮೂರು ಸಲ ಸ್ನಾನ ಮಾಡಿದರು.