ಕೆಳಗೆ ನೋಡುವ ಸಿಪಾಯಿ

ಅರಸೀಕೆರೆ ಕಡೆಯ ನಮ್ಮೂರಿನ ಬಸ್ ನಿಲ್ದಾಣದೆದುರು ಕಲ್ಲಿನ ಸಿಪಾಯಿಯೊಬ್ಬ ನಿಂತಿದ್ದಾನೆ. ಎದೆ ಸೆಟೆದಿದೆ, ಬಂದೂಕು ನೆಟ್ಟಗಿದೆ, ತಲೆ ಎತ್ತಿದೆ. ಕಣ್ಣು ಮಾತ್ರ ಪೀಠದ ಬುಡದ ಕಡೆ ನೋಡುತ್ತದೆ. ಹೊಸಬರು ಕಾರಣ ಕೇಳಿದರೆ ಊರವರು ತಲೆಗೊಂದು ಕಥೆ ಹೇಳುತ್ತಾರೆ. ಬೀಡಿ ಬೀಳಿಸಿಕೊಂಡಿದ್ದಾನೆ ಎಂಬುದು ಆಟೋದವರ ಅಭಿಪ್ರಾಯ. ನಿಜವಾದ ಕಾರಣ ನನಗೆ ಗೊತ್ತು. ಸ್ಮಾರಕ ಸಮಿತಿಯಲ್ಲಿ ನಾನೂ ಇದ್ದೆ. ಕೋರಂ ಸಾಲದಾಗ ನನ್ನನ್ನು ಕರೆಸುತ್ತಿದ್ದರು.

ಗಡಿಯಲ್ಲಿ ಯುದ್ಧ ಮುಗಿದು ವರ್ಷ ಕಳೆದಿತ್ತು. ಅಕ್ಕಪಕ್ಕದ ಊರುಗಳಿಗೆ ಸಿಪಾಯಿ ಬಂದ ಮೇಲೆ ನಮಗೂ ದೇಶಭಕ್ತಿ ತಡೆಯಲಾಗಲಿಲ್ಲ. ಶಿಲ್ಪಿ ಹಳೇಬೀಡಿನವರು, ಪ್ರವಾಸಿಗರಿಗೆ ಬಳಪದ ಕಲ್ಲಿನ ಗಣಪತಿ ಕೆತ್ತಿ ಮಾರುತ್ತಿದ್ದವರು. ಸಿಪಾಯಿಯ ಬೆಲ್ಟಿಗೆ ಎಲ್ಲಿ ಗೆಜ್ಜೆ ಬಿಡಿಸಿಬಿಡುತ್ತಾರೋ ಎಂಬ ಆತಂಕದಿಂದ ಸಮಿತಿ ಬಸ್ ಹತ್ತಿ ಹೋಗಿ ಪರಿಶೀಲಿಸಿ ಬಂತು. ತಾಲ್ಲೂಕಿನಲ್ಲಿ ಮಡಿದವರು ಒಬ್ಬರಲ್ಲವಾದ್ದರಿಂದ, ಮುಖ ಯಾರದ್ದೂ ಆಗಿರಕೂಡದೆಂದು ಠರಾವೂ ಆಯಿತು.

ಸಿಪಾಯಿ ಬಂದ, ಪೀಠವೇರಿದ, ಮೈತುಂಬ ಬಿಳಿ ಬಟ್ಟೆ ಸುತ್ತಿಸಿಕೊಂಡ. ಅನಾವರಣ ಮಾಡಬೇಕಿದ್ದ ದೊಡ್ಡವರು ಮಾತ್ರ ಬರಲಿಲ್ಲ. ಒಮ್ಮೆ ಅಧಿವೇಶನ, ಒಮ್ಮೆ ನೆಗಡಿ, ಆಮೇಲೆ ಚುನಾವಣೆಯ ನೀತಿಸಂಹಿತೆ. ಬಟ್ಟೆ ಬಸ್ಸಿನ ಧೂಳಿನ ಬಣ್ಣಕ್ಕೆ ತಿರುಗಿತು.

ಹಳೇಬೀಡಿಗೆ ಹೋದಾಗ ಕೋರಂ ಬೇಕಿರಲಿಲ್ಲವಾದ್ದರಿಂದ ನನ್ನನ್ನು ಕರೆದಿರಲಿಲ್ಲ. ಒಳಗೆ ಹೇಗಿದ್ದಾನೋ ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಪೀಠದ ಬಿರುಕು ನೋಡಲು ಶಿಲ್ಪಿ ಬಂದ ಒಂದು ಸಂತೆಯ ದಿನ, ಅವರ ಏಣಿ ಹತ್ತಿ ಬಟ್ಟೆ ಸರಿಸಿದೆ. ಕಣ್ಣಿನ ಜಾಗ ನುಣ್ಣಗಿತ್ತು, ಪಾಪೆಯೇ ಇರಲಿಲ್ಲ. ಮರೆತಿರೇನು ಎಂದೆ. ಕಣ್ಣು ತೆರೆಯುವುದು ಕಟ್ಟಕಡೆಗೆ, ತೆರೆದ ಕಣ್ಣು ಮೊದಲು ಒಳ್ಳೆಯದನ್ನೇ ನೋಡಬೇಕು ಎಂದರು.

"ದೇವ್ರಿಗಾದ್ರೆ ಕನ್ನಡಿ ಹಿಡೀತೀವಿ, ಹಸು-ಕರು ನಿಲ್ಲಿಸ್ತೀವಿ. ಸಿಪಾಯಿಗೆ ಯಾರನ್ನ ನಿಲ್ಲಿಸ್ಬೇಕು ಅಂತ ನಿಮ್ ಸಮಿತಿಯೋರೇ ಹೇಳ್ಲಿ ಸಾರ್."

ಇದನ್ನು ಸಮಿತಿಯ ಮುಂದಿಟ್ಟರೆ ಏನಾಗುವುದೆಂದು ನನಗೆ ತಿಳಿದಿತ್ತು. ಅಧ್ಯಕ್ಷರು ತಾವೇ ನಿಲ್ಲಲು ಒಪ್ಪುವರು. ಹಸುವಾದರೆ ಯಾವ ಪಕ್ಷಕ್ಕೂ ಸೇರಿದ್ದಲ್ಲ ಎಂದು ಖಜಾಂಚಿ ತಿದ್ದುಪಡಿ ತರುವರು.

ಅಷ್ಟರಲ್ಲಿ ಪೀಠದ ಬುಡದಿಂದ ಒಬ್ಬ ಮುದುಕಿ ಎದ್ದು ನಿಂತಳು. ಕಣಕಟ್ಟೆಯ ಆಚೆ ಊರಿನವಳು. ಆ ಯುದ್ಧದಲ್ಲಿ ಮಗನನ್ನು ಕಳೆದುಕೊಂಡವಳು. ಪ್ರತಿ ಸಂತೆಗೂ ಬಂದು ಅಲ್ಲಿ ಕೂತು ಹೋಗುತ್ತಿದ್ದಳು. ನೆರಳಿಗೆ ಕೂರುತ್ತಾಳೆಂದು ನಾನು ತಿಳಿದಿದ್ದೆ. ಆ ಸಿಪಾಯಿಯ ನೆರಳು ಕಾಗೆಗೂ ಸಾಲದು.

"ಅವತ್ತು ಹೈದನ್ನ ತಂದ ಪೆಟ್ಗೇನೂ ಬಿಚ್ಚಿ ತೋರಿಸ್ನಿಲ್ಲ," ಎಂದಳು. "ಇದನ್ನೂ ತೋರ್ಸಾಕಿಲ್ವಾ, ಸೋಮಿ?"

ನಾನು ಎದುರಿನ ಹೋಟೆಲಿನತ್ತ ನೋಡಿದೆ. ಅಧ್ಯಕ್ಷರು ನಮಗೆ ಬೆನ್ನು ಹಾಕಿ ಕಾಫಿ ಕುಡಿಯುತ್ತಿದ್ದರು. ಏಣಿ ಇಳಿದೆ. ಶಿಲ್ಪಿ ಆಗಲೇ ಚೀಲದಿಂದ ಉಳಿ ತೆಗೆದಿದ್ದರು.

"ಅಮ್ಮ, ಅಲ್ಲೇ ನಿಂತಿರಿ. ಅಲ್ಲಾಡ್ಬೇಡಿ."

ಅವಳು ಗಿಡ್ಡ ಹೆಂಗಸು. ಶಿಲ್ಪಿ ಏಣಿ ಹತ್ತಿ ಬಟ್ಟೆಯನ್ನು ಕತ್ತಿನವರೆಗೆ ಇಳಿಸಿದರು. ಅವಳನ್ನು ನೋಡುವುದು, ಮೆಲ್ಲಗೆ ಒಂದು ಏಟು ಹಾಕುವುದು, ಮತ್ತೆ ನೋಡುವುದು. ಕೊನೆಗೆ ಪುಡಿ ಊದಿ ಪಕ್ಕಕ್ಕೆ ಸರಿದರು.

ಅವಳು ಬಹಳ ಹೊತ್ತು ನೋಡಿದಳು. ಇವನು ನನ್ನ ಮಗನೇ ಎಂದು ಕೇಳಿದರೆ ಠರಾವು ಓದಿ ಹೇಳಬೇಕಲ್ಲ ಎಂಬುದೇ ನನ್ನ ಚಿಂತೆ.

"ನಮ್ ಹೈದನ ಮೂಗು ಹಿಂಗಿರ್ನಿಲ್ಲ," ಎಂದಳು. ಕತ್ತು ಇನ್ನಷ್ಟು ಎತ್ತಿ, "ಇರ್ಲಿ. ನನ್ನೇ ನೋಡ್ತಾವ್ನೆ."

ಬಸ್ಸು ಬಂತು, ಹತ್ತಿ ಹೋದಳು. ನಾವು ಬಟ್ಟೆಯನ್ನು ಮೊದಲಿನಂತೆ ಕಟ್ಟಿದೆವು.

ಚುನಾವಣೆ ಮುಗಿದ ಮೇಲೆ ದೊಡ್ಡವರು ಬಂದು ಸಕಲ ಗಾಂಭೀರ್ಯದಿಂದ ಅನಾವರಣ ಮಾಡಿದರು. ಇವನೇಕೆ ಕೆಳಗೆ ನೋಡುತ್ತಾನೆ ಎಂದೂ ಕೇಳಿದರು. ಅಧ್ಯಕ್ಷರು ಬೆವರೊರೆಸಿಕೊಂಡು, "ವಿನಯ ಸಾರ್," ಎಂದರು. ಶಿಲ್ಪಿ ನನ್ನನ್ನು ನೋಡಿದರು, ನಾನು ಶಾಮಿಯಾನವನ್ನು ನೋಡಿದೆ.

ಈಗಲೂ ಸಂತೆಗೆ ಹೋದಾಗ ಆ ಮುದುಕಿ ನಿಂತಿದ್ದ ಜಾಗದಲ್ಲಿ ನಿಂತು ನೋಡುತ್ತೇನೆ. ನನ್ನ ಎತ್ತರಕ್ಕೆ ಅವನ ನೋಟ ಸಿಗುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಬೇಕು.