ಕಪ್ಪು ಚೌಕಟ್ಟು ಕೊಟ್ಟ ಸಾಹೇಬರು

ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರೇ ಇತ್ತು. ಗಾಜನ್ನು ಚೌಕಟ್ಟಿನ ಅಳತೆಗೆ ತರಲು ಸಾಣೆಕಲ್ಲಿಗೆ ಹಿಡಿದು ಹಿಡಿದು, ಗಾಜಿನ ಜೊತೆಗೆ ಉಗುರೂ ಸವೆದುಹೋಗಿತ್ತು. ಆ ಬೆರಳನ್ನೇ ಗಿರಾಕಿಯ ಮೂಗಿನ ಮೇಲಿಟ್ಟು, ಕನ್ನಡಕ ಎಲ್ಲಿ ಕೂರಬೇಕೆಂದು ನೋಡುತ್ತಿದ್ದರು. ಶಿರಾ ಪೇಟೆಯಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗಬೇಕಾದ ಪುಟ್ಟ ಅಂಗಡಿ ಅವರದು. ಸುತ್ತಲ ಹಳ್ಳಿಗಳಿಗೆಲ್ಲ ಅವರು ಕನ್ನಡಕದ ಸಾಹೇಬರು.

ಅಂಗಡಿಯ ಕನ್ನಡಿಗೆ ಯಾವಾಗಲೂ ಒಂದು ಟವೆಲು ಮುಚ್ಚಿರುತ್ತಿತ್ತು. "ಮೊದ್ಲು ಕಣ್ಣಿನ ಮಾತು, ಆಮೇಲೆ ಮುಖದ್ದು" ಎನ್ನುತ್ತಿದ್ದರು. ಬಂದವರನ್ನು ಏನು ಕಾಣುವುದಿಲ್ಲ ಎಂದು ಕೇಳುವ ಮೊದಲು ಏನು ಕೆಲಸ ಎಂದು ಕೇಳುತ್ತಿದ್ದರು. ಕುರಿ ಕಾಯುವವನಿಗೆ ಗುಡ್ಡದ ಮೇಲಿನ ಕುರಿ ಕಾಣಬೇಕು, ದರ್ಜಿಗೆ ಸೂಜಿಯ ಕಣ್ಣು ಕಾಣಬೇಕು, ಇಬ್ಬರಿಗೂ ಒಂದೇ ಗಾಜಾಗುತ್ತದೆಯೇ ಎಂಬುದು ಅವರ ವಾದ. ಒಮ್ಮೆ ಒಬ್ಬ ಹೆಂಗಸು ಗಂಡನನ್ನು ಮನೆಯಲ್ಲೇ ಬಿಟ್ಟು ಅವನ ಕನ್ನಡಕಕ್ಕೆ ಬಂದಿದ್ದಳು. "ನನ್ ತಲೆ ಅಳ್ತೇನೇ ಅವುರ್ದೂವೆ, ನಂಗೇ ನೋಡಿ ಕೊಡಿ ಸಾಹೇಬ್ರೆ" ಎಂದಳು. "ತಲೆ ನಿಂದೇ ಇರ್ಲಿ ಕಣಮ್ಮ, ಕಣ್ಣು ಮಾತ್ರ ಅವನ್ದೇ ಬೇಕು. ಗಾಡೀಲಿ ಹಾಕ್ಕೊಂಡು ಬಾ, ಹೋಗು" ಎಂದು ಕಳಿಸಿದರು.

ನಾವು ಅವರ ಅಂಗಡಿಗೆ ಹೋಗುತ್ತಿದ್ದದ್ದು ಅಕ್ಕನಿಂದಾಗಿ. ಹದಿನೆಂಟಕ್ಕೇ ಅಕ್ಕನಿಗೆ ಮೈನಸ್ ಆರು. ಕನ್ನಡಕ ತೆಗೆದರೆ ಎದುರಿಗೆ ನಿಂತವರ ಮುಖವೂ ಹಿಟ್ಟು ಬಳಿದಂತೆ ಕಾಣುತ್ತದೆ ಎನ್ನುತ್ತಿದ್ದಳು. ಗೌಡಗೆರೆ ಹೋಬಳಿಯ ನಮ್ಮೂರಲ್ಲಿ ಕನ್ನಡಕ ಹಾಕುವ ಹುಡುಗಿ ಅವಳೊಬ್ಬಳೇ. ಅವಳನ್ನು ನೋಡಲು ಮೊದಲ ಗಂಡಿನ ಕಡೆಯವರು ಬರುವ ದಿನ ನಮ್ಮ ಸೋದರತ್ತೆ ಆ ಕನ್ನಡಕ ಕಿತ್ತು ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಕ್ಕೆ ಹಾಕಿಬಿಟ್ಟರು. "ಒಂದ್ ಗಳಿಗೆ ಸುಮ್ಕಿರು. ತಾಳಿ ಬಿದ್ಮೇಲೆ ನೀನು ಎಲ್ಡು ಹಾಕ್ಕೋ" ಎಂದರು.

ಬಂದವರು ಅಕ್ಕನ ನಡಿಗೆ ನೋಡಬೇಕೆಂದರು. ಕಾಲು ಕುಂಟೋ ಏನೋ ತಿಳಿಯಲು ಆಗ ಹುಡುಗಿಯ ಕೈಲಿ ಒಂದು ಬಿಂದಿಗೆ ನೀರು ತರಿಸುತ್ತಿದ್ದರು. ಅಪ್ಪ ಆಗಲೆಂದು ತಲೆಯಾಡಿಸಿದರು. ಹಿತ್ತಲ ಬಾವಿಗೆ ಕಟ್ಟೆ ಇರಲಿಲ್ಲ. ಕನ್ನಡಕವಿಲ್ಲದಾಗ ಅಕ್ಕನಿಗೆ ಗುರುತು ಒಂದೇ, ಬಾವಿಗೆ ನಾಲ್ಕು ಹೆಜ್ಜೆ ಮೊದಲು ಸಿಗುವ ಬಟ್ಟೆ ಒಗೆಯುವ ಬಿಳಿಯ ಕಲ್ಲು. ಅವತ್ತು ನೆಂಟರು ಕೂರಲೆಂದು ಆ ಕಲ್ಲನ್ನು ಬೇವಿನ ಮರದಡಿಗೆ ಉರುಳಿಸಿದ್ದರು. ಅದು ಅಕ್ಕನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವಳು ಬಾವಿಯ ಹತ್ತಿರ ಹೋಗುವವರೆಗೂ ನನಗದು ಹೊಳೆಯಲಿಲ್ಲ.

ಬಿಂದಿಗೆ ಸೊಂಟದಲ್ಲಿ, ಮುಖ ನೆಟ್ಟಗೆ, ಬಲಗಾಲು ಬಾವಿಯ ಬಾಯಿಯ ಮೇಲೆ. ನಾನು ಓಡಿ ಸೆರಗು ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಬಿಂದಿಗೆ ಒಳಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬರಲು ಎಷ್ಟು ಹೊತ್ತಾಯಿತು! ಮುಂದೆ ಕಾಲೇಜು ಓದಿದೆ, ನಾನೇ ಮೇಷ್ಟರಾದೆ, ಮಕ್ಕಳಿಗೆ ಬೀಳುವ ವಸ್ತುವಿನ ವೇಗದ ಲೆಕ್ಕ ಹೇಳಿಕೊಟ್ಟೆ. ಪ್ರತಿ ವರ್ಷ ಆ ಪಾಠ ಬಂದಾಗಲೂ ನನ್ನ ಕೈ ಸೆರಗು ಹುಡುಕುತ್ತಿತ್ತು.

ಬಂದವರು "ಹುಡ್ಗೀಗೆ ಕಣ್ಣು ಕಾಣಕಿಲ್ವಾ?" ಎಂದು ಎದ್ದು ಹೋದರು.

ಮರುವಾರ ಅಪ್ಪ, ಅತ್ತೆ ನಮ್ಮಿಬ್ಬರನ್ನೂ ಶಿರಾಕ್ಕೆ ಕರೆದುಕೊಂಡು ಹೋದರು. ಬಾವಿಯ ಹತ್ತಿರ ಆದದ್ದನ್ನೆಲ್ಲ ಹೇಳಿ ಅತ್ತೆಯೇ ಮಾತು ತೆಗೆದರು. "ಕಣ್ಣೊಳೀಕ್ ಇಕ್ಕೋ ಗಾಜು ಬಂದವಂತಲ್ಲ ಸಾಹೇಬ್ರೆ, ಯಾರ್ಗೂ ಕಾಣಕಿಲ್ವಂತೆ. ಅದ್ನೇ ಕೊಡ್ರಿ. ಹೆಣ್ ನೋಡೋ ದಿನಕ್ಕೆ ಆದ್ರೆ ಸಾಕು."

"ಆ ಗಾಜು ಗಟ್ಟಿ ಕಣಮ್ಮ. ದಿನಾ ಇಷ್ಟಿಷ್ಟು ಹೊತ್ತು ಹಾಕಿ ಕಣ್ಣು ಪಳಗಬೇಕು. ನಿಮ್ಮ ಕಡ್ಲೆಕಾಯಿ ಬಡಿಯೋ ಧೂಳಲ್ಲಿ ಒಂದು ಕಣ ಒಳಗೆ ಹೊಕ್ಕರೆ ಬೆಂಕಿ ಇಟ್ಟಂಗೆ. ಶಾಸ್ತ್ರಕ್ಕೆ ಹಾಕಿ ಬಿಚ್ಚಿಡಕ್ಕೆ ಅದೇನು ಓಲೆನಾ?" ಎಂದ ಸಾಹೇಬರು ಅಕ್ಕನ ಕಡೆ ತಿರುಗಿದರು. "ನಿನ್ನ ಕಣ್ಣಿಗೆ ಬೇಕು ಅಂದ್ರೆ ಹೇಳು ಬೇಟಿ, ಬೆಂಗ್ಳೂರಿಗೆ ಚೀಟಿ ಬರೆದುಕೊಡ್ತೀನಿ. ಬೀಗರ ಕಣ್ಣು ಮುಚ್ಚಕ್ಕೆ ಅಂದ್ರೆ ನನ್ನ ಅಂಗ್ಡೀಲಿ ಸಿಗಲ್ಲ."

ಅಪ್ಪನಿಗೆ ರೇಗಿತು. "ಕೊಡೋದ್ ಬುಟ್ಟು ನಮ್ಗೇ ಬುದ್ಧಿ ಹೇಳ್ತೀರಾ? ಯಾಪಾರ ಮಾಡಕ್ಕೆ ಕುಂತಿದ್ದೀರೋ, ನ್ಯಾಯ ಹೇಳಕ್ಕೋ?"

"ಎರಡ್ಕೂ. ಕೂತ್ಕೊಳಿ ಗೌಡ್ರೆ."

ಪೆಟ್ಟಿಗೆಯಿಂದ ಎರಡು ಉಬ್ಬುಗಾಜು ತೆಗೆದು, ಪರೀಕ್ಷೆಯ ದುಂಡನೆಯ ಚೌಕಟ್ಟಿಗೆ ಸೇರಿಸಿ, ಅಪ್ಪನ ಮೂಗಿಗೆ ಏರಿಸಿದರು. ಅಕ್ಕನ ನಂಬರಿಗೆ ಸರಿಯಾಗಿ ತದ್ವಿರುದ್ಧವಾದ ಗಾಜು ಅದು. ಚೆನ್ನಾಗಿ ಕಾಣುವವರು ಹಾಕಿಕೊಂಡರೆ ಅಕ್ಕನಿಗೆ ಕಾಣುವಷ್ಟೇ ಕಾಣುತ್ತದೆ. "ಈಗ ಎದುರುಗಡೆ ಹೋಟ್ಲಿಂದ ನಂಗೊಂದು ಲೋಟ ಟೀ ತನ್ನಿ" ಎಂದರು.

ಅಪ್ಪ ಪಂಚೆ ಎತ್ತಿಕಟ್ಟಿ ಹೊರಟರು. ಹೊಸ್ತಿಲು ದಾಟಿ ಮೊದಲ ಮೆಟ್ಟಿಲ ಅಂಚಿಗೆ ಬಂದರು. ಬಲಗಾಲು ಮೇಲೆದ್ದಿತು. ಎಲ್ಲಿ ಇಡಬೇಕೋ ತಿಳಿಯದೆ ಹಾಗೇ ನಿಂತಿತು. ನನಗೆ ಬಾವಿಯ ಬಾಯಿ ಕಂಡಿತು. ಅದೇ ಕಾಲು, ಅದೇ ಗಾಳಿ. ಅಪ್ಪ ಕೈಯಿಂದ ಬಾಗಿಲು ಹುಡುಕಿ, ಸಿಗದೆ, ಅಲ್ಲೇ ಕುಸಿದು ಕೂತರು.

"ಮೂರು ಮೆಟ್ಲಿಗೆ ಬೆವರಿಬಿಟ್ರಿ. ಮಗಳನ್ನ ಬಾವಿಗೆ ಕಳಿಸಿದ್ರಿ" ಎಂದರು ಸಾಹೇಬರು, ದನಿ ಏರಿಸದೆ.

ಅಪ್ಪ ಆ ಚೌಕಟ್ಟು ಕಳಚಿ ಸಾಹೇಬರ ಕೈಗಿತ್ತರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರು ಆಮೇಲೆ ಕನ್ನಡಿಯ ಟವೆಲು ತೆಗೆದರು. ಅತ್ತೆಗೆ ಇನ್ನೂ ಆಸೆ ಇತ್ತು. ಕಂಡೂ ಕಾಣದಂತಿರುವ ತೆಳು ತಂತಿಯ ಚೌಕಟ್ಟಿಗೆ ಕೈ ಹಾಕಿದರು. ನಿನ್ನ ನಂಬರಿನ ಗಾಜಿಗೆ ಅಂಚು ದಪ್ಪ, ತಂತಿ ಹಿಡಿಯುವುದಿಲ್ಲ, ಚೌಕಟ್ಟು ಸಣ್ಣದಿರಬೇಕು, ಗಟ್ಟಿ ಇರಬೇಕು ಎಂದು ಸಾಹೇಬರು ಅಕ್ಕನಿಗೇ ಹೇಳಿದರು. ಅಕ್ಕ ದಪ್ಪ ಕಪ್ಪು ಚೌಕಟ್ಟು ಎತ್ತಿಕೊಂಡಳು.

"ಅಯ್ಯೋ, ಊರಿಗೆಲ್ಲ ಕಾಣ್ತದೆ ಕಣೇ!" ಎಂದರು ಅತ್ತೆ.

"ಕಾಣ್ಲಿ" ಎಂದಳು ಅಕ್ಕ.

ಎರಡನೆಯ ಗಂಡಿನ ತಾಯಿ "ಕನ್ನಡ್ಕ ತೆಗ್ಯಮ್ಮ, ಮುಖ ನೋಡಾನ" ಎಂದಾಗ ಅಕ್ಕ, "ತೆಗುದ್ರೆ ನಿಮ್ಗೆ ನಾನು ಕಾಣ್ತೀನಿ, ನಂಗೆ ನೀವು ಕಾಣಾಕಿಲ್ಲ. ಅದ್ಯಾವ ನ್ಯಾಯ?" ಎಂದಳು. ಅವರೂ ಎದ್ದು ಹೋದರು. ಈ ಸಲ ಅಪ್ಪ ಬಾಗಿಲವರೆಗೂ ಹೋಗಿ ಅವರ ಚಪ್ಪಲಿ ತೋರಿಸಿದರು. ಮೂರನೆಯವನು ಕಡ್ಲೆಕಾಯಿ ಮಂಡಿಯ ಗುಮಾಸ್ತ. ತನಗೂ ಕನ್ನಡಕವಿದೆ ಎಂದು ಜೇಬಿನಿಂದ ತೆಗೆದು ಹಾಕಿಕೊಂಡ. ಅವನೇ ಭಾವ. ಮದುವೆಯ ಫೋಟೋದಲ್ಲಿ ಅಕ್ಕನ ಕಣ್ಣಿನ ಜಾಗದಲ್ಲಿ ಎರಡು ಬೆಳಕಿನ ಬಿಲ್ಲೆಗಳಿವೆ. ಕನ್ನಡಕ ತೆಗೆಯಿರಿ ಎಂದು ಫೋಟೋದವನು ಮೂರು ಸಲ ಹೇಳಿದ್ದ.

ಸಾಹೇಬರು ತೀರಿಕೊಂಡದ್ದು ಎಂಬತ್ತರ ದಶಕದ ಕೊನೆಗೆ. ಅದಕ್ಕೆ ಒಂದು ವರ್ಷ ಮೊದಲೇ ಅವರ ಕಣ್ಣು ಹೋಗಿತ್ತು. ಕಣ್ಣೊಳಗೆ ಒತ್ತಡ ಏರುವ ಕಾಯಿಲೆ, ಅದಕ್ಕೆ ಯಾವ ಗಾಜೂ ಇಲ್ಲ. ನಾವು ಕಡೆಯ ಸಲ ಹೋದಾಗಲೂ ಅಂಗಡಿಯಲ್ಲೇ ಕೂತಿದ್ದರು. ಮನೆಯವರು ಬೇಡವೆಂದರೂ ಬರುತ್ತಿದ್ದರಂತೆ. ಅಕ್ಕ ಅವರ ಕೈ ಹಿಡಿದು ಎದುರಿನ ಹೋಟೆಲಿಗೆ ಹೊರಟಳು. ಮೊದಲ ಮೆಟ್ಟಿಲ ಅಂಚಿನಲ್ಲಿ ಅವರು ನಿಂತರು. ಅರ್ಧ ಉಗುರಿನ ಹೆಬ್ಬೆರಳು ಅಕ್ಕನ ಮೂಗಿನ ಮೇಲೆ ಬಂದು, ಚೌಕಟ್ಟನ್ನು ಮುಟ್ಟಿ ನೋಡಿತು.

"ಹಾಕ್ಕೊಂಡಿದ್ದೀಯಲ್ಲ. ನಡಿ ಹಂಗಾದ್ರೆ" ಎಂದು ಕಾಲು ಮುಂದಿಟ್ಟರು.